ಅರೆಮಲೆನಾಡಿನ ‘ಅರೆ’

ದಾವಣಗೆರೆ ಜಿಲ್ಲೆಯ ಸಾಸ್ವೆಹಳ್ಳಿಯವರನ್ನು ‘ನಿಮ್ಮದು ಮಲೆನಾಡೋ, ಬಯಲುಸೀಮೆಯೋ’ ಎಂದು ಕೇಳಿ ನೋಡಿ. ತೀರ್ಥಹಳ್ಳಿಯವರಿಂದಲೋ ಜಗಳೂರಿನವರಿಂದಲೋ ಬರುವಂತೆ ಥಟ್ಟನೆ ಉತ್ತರ ಬರುವುದಿಲ್ಲ. ‘ಅತ್ಲಾಗೆ ಮಲ್ನಾಡೂ ಅಲ್ಲ, ಇತ್ಲಾಗೆ ಬಯಲುಸೀಮೇನೂ ಅಲ್ಲ, ಅರೆಮಲ್ನಾಡು ಅಂತಾರೆ ನೋಡ್ರಿ’ ಎಂಬ ಮಾತು ಬರುತ್ತದೆ. ಆ ‘ಅಂತಾರೆ’ಯನ್ನು ಗಮನಿಸಬೇಕು. ತಮ್ಮ ನೆಲದ ಹೆಸರನ್ನೇ ಬೇರೆ ಯಾರೋ ಇಟ್ಟದ್ದು ಎಂಬಂತೆ, ಕೊಂಚ ಸಂಕೋಚದಿಂದ ಹೇಳುವ ಜನ ನಮ್ಮ ರಾಜ್ಯದಲ್ಲಿ ಬಹಳ ಇರಲಾರರು. ಈ ಸಂಕೋಚಕ್ಕೆ ಕಾರಣ ‘ಅರೆ’ ಎಂಬ ಎರಡಕ್ಷರ. ಅದನ್ನು ನಾವು ಕೊರತೆಯ ಮಾತಾಗಿ ಕೇಳಿಸಿಕೊಳ್ಳುವುದನ್ನು ಕಲಿತಿದ್ದೇವೆ. ಇದರಿಂದ ಮನಸ್ಸಿಗೆ ಮಾತ್ರವಲ್ಲ, ಹೊಲಕ್ಕೆ, ನಾಲೆಗೆ, ಕಡೆಗೆ ಸರ್ಕಾರದ ಪರಿಹಾರಕ್ಕೂ ನಷ್ಟವಾಗಿದೆ ಎಂಬುದು ನನ್ನ ವಾದ.

ಮೊದಲು ನೆಲವನ್ನು ನೋಡೋಣ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಒಂದಾದ ಹೊಳೆ ಸಾಸ್ವೆಹಳ್ಳಿ ಸೀಮೆಯನ್ನು ಹಾದು ಹೊನ್ನಾಳಿಗೆ, ಅಲ್ಲಿಂದ ಹರಿಹರಕ್ಕೆ ಇಳಿಯುತ್ತದೆ. ಪಶ್ಚಿಮಕ್ಕೆ ನ್ಯಾಮತಿ, ಅದರಾಚೆ ಶಿಕಾರಿಪುರ, ಇನ್ನೂ ಆಚೆ ಸಾಗರದ ಕಾಡು. ಪೂರ್ವಕ್ಕೆ ಚನ್ನಗಿರಿ, ಸೂಳೆಕೆರೆ, ಅದನ್ನು ದಾಟಿದರೆ ಹೊಳಲ್ಕೆರೆ, ಚಿತ್ರದುರ್ಗದ ಕೆಂಪು ಒಣನೆಲ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯವು. ಅಂದು ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದಿಂದ ಬಂದ ಜಗಳೂರಿನ ಜೊತೆ ಒಂದೇ ಚೌಕಟ್ಟಿಗೆ ಸೇರಿದವು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ 2018ರಲ್ಲಿ ತಾನೇ ತಾಲ್ಲೂಕಾಯಿತು. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಭದ್ರಾ ಕಾಡಿನಿಂದ ಚನ್ನಗಿರಿಯ ಕಡೆಗೆ ಆನೆ ಇಳಿಯುತ್ತದೆ; ಇನ್ನೊಂದು ತುದಿಯಲ್ಲಿ, ಜಗಳೂರಿನ ರಂಗಯ್ಯನದುರ್ಗದ ಕುರುಚಲಿನಲ್ಲಿ ಕೊಂಡುಕುರಿ ಮೇಯುತ್ತದೆ. ಆ ನಾಲ್ಕು ಕೊಂಬಿನ ಜಿಂಕೆಗಾಗಿಯೇ 2011ರಲ್ಲಿ ಅಲ್ಲಿ ವನ್ಯಜೀವಿಧಾಮ ಮಾಡಿದರು. ಆನೆಯ ನೆಲಕ್ಕೂ ಕೊಂಡುಕುರಿಯ ನೆಲಕ್ಕೂ ನಡುವೆ ಇರುವುದು ನಮ್ಮ ಅರೆಮಲೆನಾಡು.

ಕೃಷಿ ವಿಜ್ಞಾನಿಗಳು ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ಜಗಳೂರು, ದಾವಣಗೆರೆ, ಹರಿಹರ ನಾಲ್ಕನೆಯದಾದ ಮಧ್ಯ ಒಣ ವಲಯದಲ್ಲಿವೆ. ಅಲ್ಲಿನ ವಾರ್ಷಿಕ ಮಳೆ ಸುಮಾರು 455ರಿಂದ 717 ಮಿಲಿಮೀಟರ್. ಹೊನ್ನಾಳಿ, ಚನ್ನಗಿರಿಗಳು ಶಿಕಾರಿಪುರ, ಶಿವಮೊಗ್ಗ, ಭದ್ರಾವತಿ, ತರೀಕೆರೆಗಳ ಜೊತೆ ಏಳನೆಯ ವಲಯದಲ್ಲಿವೆ. ಅಲ್ಲಿನ ಮಳೆ ಸುಮಾರು 611ರಿಂದ 1,053 ಮಿಲಿಮೀಟರ್. ಒಂಬತ್ತನೆಯದಾದ ಗುಡ್ಡಗಾಡು ವಲಯದಲ್ಲಿ ಅದು 3,600 ದಾಟುವುದೂ ಉಂಟು. ಅಂಕಿಗಳನ್ನು ಸುಮ್ಮನೆ ಕೊಡುತ್ತಿಲ್ಲ. ಏಳನೆಯ ವಲಯದ ಕೆಳಮಟ್ಟ ಒಣ ವಲಯದ ಮೇಲ್ಮಟ್ಟದೊಳಗೆ ಹೊಕ್ಕಿದೆ, ಅದರ ಮೇಲ್ಮಟ್ಟ ಗುಡ್ಡಗಾಡಿನ ಕೆಳಮಟ್ಟವನ್ನು ಮುಟ್ಟಿದೆ. ಒಳ್ಳೆಯ ವರ್ಷ ಸಾಸ್ವೆಹಳ್ಳಿಯ ರೈತ ಮಲೆನಾಡಿಗ, ಕೆಟ್ಟ ವರ್ಷ ಬಯಲುಸೀಮೆಯವ.

ಈ ಏಳನೆಯ ವಲಯಕ್ಕೆ ಕಡತದಲ್ಲಿರುವ ಹೆಸರು ‘ದಕ್ಷಿಣ ಸಂಕ್ರಮಣ ವಲಯ’. ಕೆಲವು ಕಡೆ ‘ಪರಿವರ್ತನಾ ವಲಯ’ ಎಂದೂ ಬರೆಯುತ್ತಾರೆ. ಎರಡೂ ಒಳ್ಳೆಯ ಶಬ್ದಗಳೇ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಸಂಕ್ರಮಣವೆಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ಹೊತ್ತು. ಎಳ್ಳು ಬೀರುವಷ್ಟರಲ್ಲಿ ಅದು ಮುಗಿದಿರುತ್ತದೆ. ಸಾಸ್ವೆಹಳ್ಳಿಯ ನೆಲ ಎಲ್ಲಿಂದ ಎಲ್ಲಿಗೂ ದಾಟುತ್ತಿಲ್ಲ. ಪಶ್ಚಿಮ ಘಟ್ಟ ಮೋಡಗಳನ್ನು ತಡೆದು ನಿಲ್ಲಿಸಿದ ಕಾಲದಿಂದ ಅದು ಇದ್ದ ಹಾಗೆಯೇ ಇದೆ, ಮುಂದೆಯೂ ಇರುತ್ತದೆ. ನಡುವೆ ಇರುವುದೆಲ್ಲ ಎಲ್ಲಿಗೋ ಹೊರಟದ್ದು ಎಂದು ಭಾವಿಸುವುದು ಕಡತದ ಅಭ್ಯಾಸ. ರೈತನ ಮಾತಿನಲ್ಲಿ ಹಾಗಿಲ್ಲ.

ರೈತನ ಕನ್ನಡದಲ್ಲಿ ನಡುವಿನ ಸ್ಥಿತಿಗಳಿಗೆ ಎಷ್ಟು ಹೆಸರುಗಳಿವೆ ನೋಡಿ. ಮಾವು ಹೀಚಾಗಿ, ಮಿಡಿಯಾಗಿ, ಕಾಯಾಗಿ ಬಲಿತು ಹಣ್ಣಾಗುವ ಮುನ್ನ ಒಂದು ಹಂತವಿದೆ: ಹುಳಿ ಪೂರ್ತಿ ಹೋಗಿಲ್ಲ, ಸಿಹಿ ಪೂರ್ತಿ ಬಂದಿಲ್ಲ. ಅದು ದೋರೆಗಾಯಿ. ಉಪ್ಪು ಖಾರ ಹಚ್ಚಿ ತಿನ್ನಲು ಹಣ್ಣಿಗಿಂತ ಅದೇ ರುಚಿ ಎನ್ನುವವರಿದ್ದಾರೆ, ನಾನೂ ಅವರ ಪಕ್ಷ. ಆದರೆ ದೋರೆಗಾಯಿ ನಿಲ್ಲುವುದಿಲ್ಲ, ನಾಲ್ಕು ದಿನ ಬಿಟ್ಟರೆ ಹಣ್ಣಾಗುತ್ತದೆ. ಇದು ಸಾಗುವ ನಡು. ಇನ್ನೊಂದು ಶಬ್ದ ಹದ. ಮಳೆ ಬಂದು, ನೀರು ಇಂಗಿ, ಮಣ್ಣು ಕೆಸರೂ ಆಗದೆ ಹೆಂಟೆಯೂ ಆಗದೆ ಇರುವ ಹೊತ್ತು. ‘ಹದ ಬಂದೈತೆ, ಕೂರಿಗೆ ಕಟ್ಟು’ ಎನ್ನುತ್ತಾರೆ. ಇದು ಕಾದು ಕುಳಿತು ಹಿಡಿಯಬೇಕಾದ ನಡು. ಎರಡು ತುದಿಗಳಿಗಿಂತಲೂ ಮೇಲು. ಇವೆರಡನ್ನೂ ಬಿಟ್ಟು ಉಳಿದದ್ದು ಅರೆ. ಅದು ಸಾಗುವುದೂ ಅಲ್ಲ, ಕಾಯುವುದೂ ಅಲ್ಲ. ನಿಂತದ್ದು.

ಅರ್ಧ ಎಂಬುದು ಸಂಸ್ಕೃತದಿಂದ ಬಂದ, ಅಳತೆಯ ಮಾತು. ಅರೆ ನಮ್ಮದು, ದ್ರಾವಿಡದ್ದು. ತಮಿಳಿನಲ್ಲೂ ‘ಅರೈ’ ಎಂದಿದೆ. ಅರೆಪಾವು ಎಂಬಲ್ಲಿ ಅದೂ ಅಳತೆಯೇ. ಆದರೆ ‘ಅರೆಬೆಂದ ಅನ್ನ’ ಎಂದಾಗ ಯಾರೂ ಐವತ್ತು ಪಾಲು ಬೆಂದಿದೆ ಎಂದು ಲೆಕ್ಕ ಹಾಕುವುದಿಲ್ಲ. ಅರೆಗಣ್ಣು ತೆರೆದ ಮಗು, ಅರೆಮನಸ್ಸಿನ ಒಪ್ಪಿಗೆ, ಅರೆಹೊಟ್ಟೆಯ ಊಟ: ಇಲ್ಲೆಲ್ಲ ಅರೆ ಎಂದರೆ ಪೂರ್ತಿಯಾಗದೆ ಉಳಿದದ್ದು. ಅರ್ಧಮಲೆನಾಡು ಎಂದು ಯಾರೂ ಅನ್ನಲಿಲ್ಲ ಎಂಬುದು ಅದಕ್ಕೇ ಮುಖ್ಯ. ಹೆಸರಿಟ್ಟವರು ಅಳೆಯಲಿಲ್ಲ, ನೋಡಿ ಹೇಳಿದರು. ಆದರೆ ಅರೆಹೊಟ್ಟೆ, ಅರೆಬರೆಗಳ ಸಹವಾಸದಿಂದ ಆ ಹೆಸರಿಗೂ ಕೊರತೆಯ ವಾಸನೆ ಹತ್ತಿತು. ‘ಅರೆಮಲೆನಾಡು’ ಎಂದರೆ ಮಲೆನಾಡಾಗಲು ಹೊರಟು ಅರ್ಧದಲ್ಲಿ ನಿಂತುಹೋದ ನೆಲ ಎಂಬ ಭಾವನೆ ಬಂತು.

ಹಾಗೇನೂ ಇರಬೇಕಿಲ್ಲ ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಗಳಿವೆ. ಕೊಡಗು, ಸುಳ್ಯದ ಗೌಡರ ಮನೆಮಾತಿನ ಹೆಸರು ಅರೆಭಾಷೆ. ಹೆಸರಿನಲ್ಲಿ ಅರೆ ಇದ್ದರೂ ಅದನ್ನಾಡುವವರಿಗೆ ಅದರಲ್ಲಿ ಹೇಳಲಾಗದ ಮಾತಿಲ್ಲ. ಜೋಗುಳವೂ ಜಗಳವೂ ಗಾದೆಯೂ ಅದರಲ್ಲೇ ನಡೆಯುತ್ತವೆ. 2011ರಲ್ಲಿ ಮಡಿಕೇರಿಯಲ್ಲಿ ಅರೆಭಾಷೆಗೆಂದೇ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಅವರು ಹೆಸರು ಬದಲಿಸಿಕೊಳ್ಳಲಿಲ್ಲ, ಅದೇ ಹೆಸರಿನಿಂದ ಹಕ್ಕು ಕೇಳಿದರು. ಇನ್ನೊಂದು ಸಾಕ್ಷಿ ಶಾಲೆಯ ವಿಜ್ಞಾನ ಪುಸ್ತಕದಲ್ಲಿದೆ. ಸಿಲಿಕಾನನ್ನು ಅರೆವಾಹಕ ಎನ್ನುತ್ತಾರೆ. ತಾಮ್ರದಂತೆ ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡದ, ಗಾಜಿನಂತೆ ಪೂರ್ತಿ ತಡೆಯದ ವಸ್ತು ಅದು. ರವಷ್ಟು ರಂಜಕವನ್ನೋ ಬೋರಾನನ್ನೋ ಬೆರೆಸಿ ಎಷ್ಟು ಹರಿಯಬೇಕೆಂದು ನಾವೇ ನಿರ್ಧರಿಸಬಹುದು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಇಂಥ ಅರೆವಾಹಕದಿಂದ. ನಿಮ್ಮ ಕೈಯ ಮೊಬೈಲು ನಡೆಯುತ್ತಿರುವುದೂ ಅದರಿಂದಲೇ. ತಾಮ್ರ ಪೂರ್ತಿ ವಾಹಕವಾಗಿದ್ದೂ ಈ ಕೆಲಸ ಮಾಡಲಾರದು.

ಅರೆಮಲೆನಾಡಿಗೂ ಇಂಥದೇ ಒಂದು ಸ್ವಂತ ಬುದ್ಧಿ ಇತ್ತು. ಅದಕ್ಕೆ ಒಳ್ಳೆಯ ಗುರುತು ಕೂರಿಗೆ ಭತ್ತ. ಮಲೆನಾಡಿನಲ್ಲಿ ಭತ್ತವೆಂದರೆ ಸಸಿಮಡಿ, ಕೆಸರುಗದ್ದೆ, ನಾಟಿ. ಬಯಲುಸೀಮೆಯಲ್ಲಿ ಕೂರಿಗೆಯೆಂದರೆ ಜೋಳ, ರಾಗಿ. ಶಿಕಾರಿಪುರ, ಸೊರಬ, ಹಾನಗಲ್ಲಿನ ಸೆರಗಿನಲ್ಲಿ ಹರಡಿರುವ ಅರೆಮಲೆನಾಡಿನಲ್ಲಿ ಮಲೆನಾಡಿನ ಬೆಳೆಯನ್ನು ಬಯಲುಸೀಮೆಯ ಸಲಕರಣೆಯಿಂದ ಬಿತ್ತಿದರು. ಮುಂಗಾರಿನ ಮೊದಲ ಮಳೆಗಳಿಗೆ ಒಣನೆಲದಲ್ಲೇ ಕೂರಿಗೆ ಹೂಡಿ ಸಾಲಾಗಿ ಭತ್ತ ಬಿತ್ತುವುದು. ಮೊಳೆತ ಮೇಲೆ ಜೋಳಕ್ಕೆ ಹೊಡೆದಂತೆ ಎಡೆಕುಂಟೆ ಹೊಡೆದು ಕಳೆ ತೆಗೆಯುವುದು. ಆರಿದ್ರ, ಪುನರ್ವಸು ಮಳೆಗಳು ಜೋರಾಗಿ ಗದ್ದೆಯಲ್ಲಿ ನೀರು ನಿಲ್ಲುವ ಹೊತ್ತಿಗೆ ಪೈರು ಕಾಲೂರಿರುತ್ತದೆ. ಅಲ್ಲಿಂದ ಮುಂದೆ ಅದು ನೀರಿನ ಬೆಳೆ. ಅರ್ಧ ಆಯುಷ್ಯ ಒಣಬೆಳೆಯಾಗಿ, ಅರ್ಧ ಆಯುಷ್ಯ ಹಸಿಬೆಳೆಯಾಗಿ ಬಾಳುವ ಭತ್ತ. ಮಳೆ ತಡವಾದರೆ ನಾಟಿಗೆ ಕಾದ ಸಸಿ ಮಡಿಯಲ್ಲೇ ಮುದಿಯಾಗುತ್ತದೆ. ಕೂರಿಗೆ ಭತ್ತ ಅಷ್ಟು ದಿನ ತಡೆದುಕೊಳ್ಳುತ್ತದೆ. ಇದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿದ್ದಲ್ಲ. ಮಳೆ ಬರಬಹುದು, ಬಾರದೆಯೂ ಇರಬಹುದು ಎಂಬ ಅನುಮಾನದ ಜೊತೆ ತಲೆಮಾರುಗಟ್ಟಲೆ ಬಾಳಿದವರು ಕಂಡುಕೊಂಡ ದಾರಿ.

ಅಡಿಕೆಯ ಮಾತನ್ನೂ ಇಲ್ಲಿಯೇ ಆಡಬೇಕು. ಚನ್ನಗಿರಿ ಇಂದು ಅಡಿಕೆಯ ದೊಡ್ಡ ಕೇಂದ್ರ; ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸಿನ ದಿನದ ಧಾರಣೆ ನೋಡದೆ ಇಲ್ಲಿ ಬೆಳಗಾಗುವುದಿಲ್ಲ. ಕೆಂಪಡಿಕೆಯ ವ್ಯಾಪಾರ ನಿಂತಿರುವುದೇ ನಡುವಿನ ಹಂತಗಳನ್ನು ಗುರುತಿಸುವ ಕಣ್ಣಿನ ಮೇಲೆ. ತೀರ ಎಳೆಯದು ಸರಕು, ಅದಕ್ಕಿಂತ ಬಲಿತದ್ದು ಬೆಟ್ಟೆ, ಇನ್ನೂ ಬಲಿತದ್ದು ರಾಶಿ, ಬಲಿತು ಮೀರಿದ್ದು ಗೊರಬಲು. ಕರಾವಳಿಯ ಚಾಲಿಗೆ ಅಡಿಕೆ ಪೂರ್ತಿ ಹಣ್ಣಾಗಬೇಕು. ಇಲ್ಲಿ ಪೂರ್ತಿ ಹಣ್ಣಾಗಲು ಬಿಟ್ಟವನಿಗೆ ನಷ್ಟ. ಕಾಯಿ ಹಸಿರಿರುವಾಗಲೇ ಕೊಯ್ದು, ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಕೊಟ್ಟು ಒಣಗಿಸುತ್ತಾರೆ. ಕಾಯಿ ಯಾವ ಹಂತದಲ್ಲಿದೆ ಎಂದು ಮರ ಹತ್ತುವ ಕೊನೆಗಾರ ಕೆಳಗಿನಿಂದಲೇ ಹೇಳುತ್ತಾನೆ. ನಡುವಿನ ಹಂತಕ್ಕೆ ಇಷ್ಟು ಬೆಲೆ ಕಟ್ಟಬಲ್ಲ ಸೀಮೆ ತನ್ನ ನೆಲದ ವಿಷಯದಲ್ಲಿ ಮಾತ್ರ ಪೂರ್ತಿ ಮಲೆನಾಡಾಗಲು ಹಟ ಹಿಡಿದಿದೆ. ಮಲೆನಾಡಿನ ಹಳೆಯ ತೋಟಗಳು ಕಣಿವೆಯಲ್ಲಿರುತ್ತವೆ. ಮೇಲಿನ ಗುಡ್ಡದಿಂದ ನೀರು ಒಸರುತ್ತದೆ, ಸೊಪ್ಪಿನಬೆಟ್ಟದಿಂದ ಸೊಪ್ಪು ಬರುತ್ತದೆ. ಇಲ್ಲಿನ ತೋಟ ಬೋರ್‌ವೆಲ್ಲಿನ ಮೇಲೆ ನಿಂತಿದೆ. ಬರದ ವರ್ಷ ಬೇಸಿಗೆಯಲ್ಲಿ ಟ್ಯಾಂಕರು ಹೊಡೆಸಿ ಗಿಡ ಉಳಿಸಿಕೊಂಡವರ ಸಾಲ ಇನ್ನೂ ತೀರಿಲ್ಲ. ಇತ್ತ ಖುಷ್ಕಿಯಲ್ಲಿ ಜೋಳ, ರಾಗಿ, ಅವರೆ, ತೊಗರಿ ಸೇರಿ ಬೆಳೆಯುತ್ತಿದ್ದ ಅಕ್ಕಡಿ ಸಾಲುಗಳ ಜಾಗದಲ್ಲಿ ಎಕರೆಗಟ್ಟಲೆ ಮೆಕ್ಕೆಜೋಳವೊಂದೇ ನಿಂತಿದೆ. ಅಡಿಕೆ ಬೆಳೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಓದು, ಮದುವೆ, ಮನೆ ಎಲ್ಲ ಅದರಿಂದಲೇ ಆಗಿರುವುದನ್ನು ಕಂಡಿದ್ದೇನೆ. ಹೊಲಗಳೆಲ್ಲ ಒಂದೋ ಮಲೆನಾಡಿನ ನಕಲು, ಇಲ್ಲವೇ ಬಯಲಿನ ನಕಲು ಆದರೆ ಎರಡೂ ಕಡೆಯ ಅಪಾಯ ಒಟ್ಟಿಗೆ ಬರುತ್ತದೆ ಎನ್ನುತ್ತಿದ್ದೇನೆ, ಅಷ್ಟೆ.

ಭದ್ರಾ ನಾಲೆಯ ಕಥೆ ಇದಕ್ಕಿಂತ ನೇರ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ 186 ಅಡಿ, ತುಂಬಿದರೆ 71.5 ಟಿಎಂಸಿ ನೀರು. ಆ ನೀರನ್ನು ಹಂಚುವಾಗ ಯಾವ ಜಮೀನಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಿದ್ದರು: ಇಷ್ಟು ಭತ್ತಕ್ಕೆ, ಇಷ್ಟು ಬಾಗಾಯ್ತಿಗೆ, ಇಷ್ಟು ಅರೆಖುಷ್ಕಿಗೆ. ಅರೆಖುಷ್ಕಿಯೆಂದರೆ ಮಳೆಯೇ ಮುಖ್ಯ, ನಾಲೆ ಆಸರೆಗೆ. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳು. ಅರೆಮಲೆನಾಡಿನ ಸ್ವಭಾವಕ್ಕೆ ಇದಕ್ಕಿಂತ ಹೊಂದುವ ಲೆಕ್ಕ ಇನ್ನೊಂದಿಲ್ಲ. ಆದರೆ ಆ ‘ಅರೆ’ಯನ್ನು ಯಾರೂ ಗೌರವಿಸಲಿಲ್ಲ. ನಾಲೆ ಬಂದ ಮೇಲೂ ಅರೆಬೆಳೆ ಯಾಕೆ ಎಂದು ಎಲ್ಲರೂ ಭತ್ತಕ್ಕೆ, ಆಮೇಲೆ ಅಡಿಕೆಗೆ ಹೊರಳಿದರು. ಸರ್ಕಾರವೂ ಅರೆಖುಷ್ಕಿ ಬೆಳೆಗೆ ಭತ್ತದ ಸಮಾನ ಬೆಲೆಯನ್ನೂ ಮಾರುಕಟ್ಟೆಯನ್ನೂ ಕಟ್ಟಿಕೊಡಲಿಲ್ಲ. ಹಾಗಾಗಿ ತಪ್ಪನ್ನು ರೈತನ ಮೇಲೊಂದೇ ಹೊರಿಸಲಾಗದು. ಪರಿಣಾಮ ಎಲ್ಲರಿಗೂ ಗೊತ್ತಿದೆ. ನಾಲೆಯ ಮೇಲ್ಭಾಗದಲ್ಲಿ ಗದ್ದೆ ತುಂಬಿ ಹರಿಯುತ್ತದೆ, ಕೊನೆಯಂಚಿನವರು ತೂಬಿನ ಬಳಿ ರಾತ್ರಿ ಕಾವಲು ಕೂರುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟು ಭದ್ರಾ ನೀರಿಗೆ ಕತ್ತರಿ ಬಿದ್ದಾಗ ದಾವಣಗೆರೆಯ ರೈತರು ಬೀದಿಗಿಳಿದದ್ದು ಇದೇ ಕಾರಣಕ್ಕೆ.

ಅದೇ 2023 ಇನ್ನೊಂದು ಪಾಠವನ್ನೂ ಕಲಿಸಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮೊದಲು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಅದರಲ್ಲಿ 161 ‘ತೀವ್ರ’, 34 ‘ಸಾಧಾರಣ’. ಕೊನೆಗೆ 236ರಲ್ಲಿ 223 ತಾಲ್ಲೂಕುಗಳು ಪಟ್ಟಿಗೆ ಸೇರಿದವು. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ ನೆರವು ‘ತೀವ್ರ’ಕ್ಕೆ ಮಾತ್ರ. ಸಾಧಾರಣ ಬರವೆಂದರೆ ಬರವಂತೂ ಹೌದು, ಆದರೆ ಆ ನಿಧಿಯ ಪರಿಹಾರವಿಲ್ಲ. ನಡುವಿನ ಸ್ಥಿತಿಗೆ ಹೆಸರು ಕೊಟ್ಟು ಹಣ ಕೊಡದ ವ್ಯವಸ್ಥೆಯಲ್ಲಿ ಪ್ರತಿ ತಾಲ್ಲೂಕೂ ತಾನು ತುದಿಯಲ್ಲಿದ್ದೇನೆ ಎಂದು ಸಾಬೀತು ಮಾಡಬೇಕಾಗುತ್ತದೆ. ಅರೆಮಲೆನಾಡಿಗೆ ಇದು ವಿಶೇಷವಾಗಿ ಕಷ್ಟ. ಇಲ್ಲಿನ ಬರ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ಆಗುಂಬೆ, ಕುದುರೆಮುಖದ ಕಡೆ ಸುರಿದ ಮಳೆಗೆ ಹೊಳೆ ಉಕ್ಕಿ ಹೊನ್ನಾಳಿಯ ಬಾಲರಾಜ ಘಾಟಿನ ಮನೆಗಳಿಗೆ ನೀರು ನುಗ್ಗುತ್ತದೆ. ಅದೇ ತಾಲ್ಲೂಕಿನಲ್ಲಿ ನಾಲೆಯಿಲ್ಲದ ಹೊಲದ ಮೆಕ್ಕೆಜೋಳ ಬಾಡುತ್ತ ನಿಂತಿರುತ್ತದೆ. ನೆರೆಯ ಸುದ್ದಿಯ ಪಕ್ಕದಲ್ಲೇ ಬರದ ಸುದ್ದಿ ಬಂದರೆ ಬೆಂಗಳೂರಿನಲ್ಲಿ ಕುಳಿತವರಿಗೆ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ಎರಡೂ ನಿಜ.

ಹವಾಮಾನ ವರದಿಯಲ್ಲೂ ನಮಗೆ ಜಾಗವಿಲ್ಲ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಹೇಳಿ ಮುಗಿಸುತ್ತಾರೆ. ಸಾಸ್ವೆಹಳ್ಳಿ, ಜಗಳೂರು, ಕೋಲಾರ ಎಲ್ಲ ಒಂದೇ ಮಾತಿನಲ್ಲಿ ಅಡಕ. ಮಲೆನಾಡಿಗೆಂದು ಶಿವಮೊಗ್ಗದಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯಿದೆ, ಬಯಲುಸೀಮೆಗೆಂದು ಚಿತ್ರದುರ್ಗದಲ್ಲಿ ಇನ್ನೊಂದಿದೆ. ಅರೆಮಲೆನಾಡಿಗೆ ಮೂರನೆಯ ಮಂಡಳಿ ಬೇಕು ಎಂದು ನಾನು ಕೇಳುವುದಿಲ್ಲ. ಮಂಡಳಿಗಳಿಂದ ಸೇತುವೆ, ಸಮುದಾಯ ಭವನಗಳಾಗುತ್ತವೆ, ಬೆಳೆಯ ಬುದ್ಧಿ ಬರುವುದಿಲ್ಲ. ವರದಿಯಲ್ಲಿ ಜಾಗವಿಲ್ಲದ ಸಾಸ್ವೆಹಳ್ಳಿಯ ಹೆಸರು ಇಂದು ರಾಜ್ಯಕ್ಕೆ ಗೊತ್ತಿರುವುದು ಏತ ನೀರಾವರಿ ಯೋಜನೆಯಿಂದ. ಇಲ್ಲಿನ ಹೊಳೆಯ ನೀರನ್ನು ಎತ್ತಿ ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗದ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮಲೆನಾಡಿನ ನೀರು ಬಯಲಿಗೆ ಹೋಗಬೇಕಾದರೆ ಈ ನಡುವಿನ ನೆಲವನ್ನೇ ದಾಟಬೇಕು. ಕೆರೆ ತುಂಬಲಿ, ಬಹಳ ಸಂತೋಷ. ತುಂಬಿದ ಕೆರೆಯ ಕೆಳಗೆ ಮತ್ತೆ ಬರೀ ಭತ್ತ, ಬರೀ ಅಡಿಕೆ ಎದ್ದರೆ ಮಾತ್ರ ಭದ್ರಾ ನಾಲೆಯ ಕೊನೆಯಂಚಿನ ಕಥೆ ಹೊಸ ಊರುಗಳಲ್ಲಿ ಮರುಕಳಿಸುತ್ತದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕೃಷಿ ಇಲಾಖೆಯ ಕಡತದಲ್ಲಿ ಏಳನೆಯ ವಲಯವನ್ನು ಜನರ ಹೆಸರಿನಿಂದ, ಅರೆಮಲೆನಾಡು ಎಂದೇ ಬರೆಯಲಿ. ಅದಕ್ಕೆ ತಕ್ಕ ಬೆಳೆಗಳಿಗೆ, ಅಂದರೆ ಕೂರಿಗೆ ಭತ್ತಕ್ಕೆ, ಅಕ್ಕಡಿಯ ಕಾಳುಗಳಿಗೆ, ಅರೆಖುಷ್ಕಿಗೆ ಬಿತ್ತನೆ ಬೀಜವೂ ಬೆಂಬಲ ಬೆಲೆಯ ಖರೀದಿಯೂ ಹೋಬಳಿ ಮಟ್ಟದಲ್ಲೇ ಸಿಗಲಿ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಹಳೆಯ ತಳಿಗಳ ಸಂಗ್ರಹವನ್ನು ಈ ಊರುಗಳಿಂದಲೇ ಆರಂಭಿಸಬಹುದು.

ಇದನ್ನು ಓದುವ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಹಿರಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲಿ ಯಾವ ಮಳೆಗೆ ಯಾವ ಬೀಜ ಬಿತ್ತುತ್ತಿದ್ದಿರಿ, ಒಂದು ಸಾಲಿನ ಪಕ್ಕ ಏನನ್ನು ಹಾಕುತ್ತಿದ್ದಿರಿ, ಮಳೆ ತಡವಾದರೆ ಏನು ಮಾಡುತ್ತಿದ್ದಿರಿ ಎಂಬುದನ್ನು ಮೊಮ್ಮಕ್ಕಳ ಕೈಯಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆಸಿಡಿ. ಮನೆಯ ಅಟ್ಟದ ಮೇಲೆ ಹಳೆಯ ಭತ್ತದ, ಅವರೆಯ ಬೀಜ ಉಳಿದಿದ್ದರೆ ಈ ಮುಂಗಾರಿಗೆ ಹೊಲದ ಒಂದು ಮೂಲೆಯಲ್ಲಾದರೂ ಹಾಕಿ.